ಬೈಗುಳ ಹೋಗಲಿ, ‘ಇಲ್ಲ’ ಉಳಿಯಲಿ: ಲಿನಕ್ಸ್ ಕರ್ನೆಲ್ ಬಳಗದ ಮಾತು ಬದಲಾದ ಪ್ರಕರಣ

ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ 3.8ನೇ ಆವೃತ್ತಿಯ ಮೊದಲ ಪರೀಕ್ಷಾ ಬಿಡುಗಡೆ ಬಂದದ್ದು 2012ರ ಡಿಸೆಂಬರ್ 21ರಂದು. ಎರಡು ದಿನ ಕಳೆಯುವಷ್ಟರಲ್ಲಿ ಒಂದು ದೂರು ಬಂತು. ಯುಎಸ್‌ಬಿ ವೆಬ್‌ಕ್ಯಾಮ್ ನಡೆಸುವ ಕೋಡ್‌ನಲ್ಲಿ, ಅಂದರೆ ಅದರ ಡ್ರೈವರ್‌ನಲ್ಲಿ ಮಾಡಿದ ಒಂದು ಸಣ್ಣ ಬದಲಾವಣೆಯಿಂದ, ನಿನ್ನೆಯವರೆಗೆ ನೆಟ್ಟಗಿದ್ದ ಪ್ರೋಗ್ರಾಂಗಳು ಅಡ್ಡಾದಿಡ್ಡಿಯಾಗಿ ನಡೆದುಕೊಳ್ಳುತ್ತಿವೆ ಎಂದು. ಮೀಡಿಯಾ ವಿಭಾಗದ ಮೇಂಟೇನರ್ (ಆ ವಿಭಾಗದ ಕೋಡ್‌ನ ಹೊಣೆ ಹೊತ್ತವರು) ಆಗಿದ್ದವರು ಬ್ರೆಜಿಲ್‌ನ ಮೌರೊ ಕಾರ್ವಾಲೊ ಶೆಹಾಬ್. ಮೇಲ್ನೋಟಕ್ಕೆ ಇದು ಕರ್ನೆಲ್‌ನ ತಪ್ಪಿನಂತಿಲ್ಲ, ಪಲ್ಸ್‌ಆಡಿಯೊ ಎಂಬ ಧ್ವನಿ ಪ್ರೋಗ್ರಾಂನ ಕಡೆಯೇ ದೊಡ್ಡ ದೋಷ ಇದ್ದಂತಿದೆ ಎಂದು ಅವರು ಬರೆದರು. ಅದಕ್ಕೆ ಡಿಸೆಂಬರ್ 23ರಂದು ಲಿನಕ್ಸ್ ಹುಟ್ಟುಹಾಕಿದ ಲೀನಸ್ ಟೋರ್ವಾಲ್ಡ್ಸ್ ಕೊಟ್ಟ ಉತ್ತರ ಇವತ್ತಿಗೂ ಕರ್ನೆಲ್ ಬಳಗದ ಹಳೆಯ ಮಾತಿನ ಧಾಟಿಗೆ ಮಾದರಿಯಾಗಿ ಉಳಿದಿದೆ. ‘ಬಾಯಿ ಮುಚ್ಚು ಮೌರೊ’ ಎಂಬುದನ್ನು ಒಂದು ಅಶ್ಲೀಲ ಪದ ಸೇರಿಸಿ, ಪೂರ್ತಿ ದೊಡ್ಡ ಅಕ್ಷರಗಳಲ್ಲಿ, ಪ್ರಪಂಚವೆಲ್ಲ ಓದಬಹುದಾದ ಸಾರ್ವಜನಿಕ ಪತ್ರದಲ್ಲಿ ಬರೆಯಲಾಗಿತ್ತು.

ಇಂಗ್ಲಿಷ್‌ನ ‘ಯು’ ಪದಕ್ಕೆ ಏಕವಚನ, ಬಹುವಚನದ ಭೇದವಿಲ್ಲ. ಹಾಗಿದ್ದರೂ ಕನ್ನಡದವರು ಆ ಪತ್ರ ಓದಿದರೆ ಕಿವಿಗೆ ಬೀಳುವುದು ಏಕವಚನವೇ: ‘ಬಾಯ್ಮುಚ್ಚೋ’. ಮೌರೊ ಹೊಸಬರಲ್ಲ, ವರ್ಷಗಟ್ಟಲೆ ಒಂದು ಇಡೀ ವಿಭಾಗವನ್ನು ನೋಡಿಕೊಂಡವರು. ಅಂಥವರನ್ನು ಸಾವಿರಾರು ಜನರ ಮುಂದೆ ಹೀಗೆ ನಿಲ್ಲಿಸಲಾಯಿತು.

ಈ ಪತ್ರವನ್ನು ಬೈಗುಳದ ಮಟ್ಟದಲ್ಲೇ ನೋಡಿ ಕೈಬಿಟ್ಟರೆ ಪ್ರಕರಣದ ಅರ್ಧ ಭಾಗ ಕಣ್ಣಿಗೆ ಬೀಳುವುದಿಲ್ಲ. ಆ ಪತ್ರದ ಒಳಗಿನ ಕೆಲಸದ ಮಾತು ಪೂರ್ತಿ ಸರಿಯಾಗಿತ್ತು. ಅದನ್ನು ಬಿಡಿಸಿ ನೋಡೋಣ.

ಕ್ಯಾಮೆರಾ ಬಳಸುವ ಪ್ರೋಗ್ರಾಂ ಮೊದಲು ಕ್ಯಾಮೆರಾದ ಸಾಧನ ಕಡತವನ್ನು ತೆರೆಯುತ್ತದೆ. ಆಮೇಲೆ ‘ಐಆಕ್ಟಲ್’ ಎಂಬ ಕರೆಯ ಮೂಲಕ ‘ಬೆಳಕು ಹೆಚ್ಚಿಸು, ಫೋಕಸ್ ಬದಲಿಸು’ ಎಂದು ಡ್ರೈವರ್‌ಗೆ ಹೇಳುತ್ತದೆ. ಕೇಳಿದ ಸೌಲಭ್ಯ ಆ ಕ್ಯಾಮೆರಾದಲ್ಲಿ ಇಲ್ಲದಿದ್ದರೆ ಡ್ರೈವರ್ ಒಂದು ದೋಷಸಂಖ್ಯೆಯನ್ನು ಹಿಂದಿರುಗಿಸಬೇಕು. ಮುಂಚೆ ಹಿಂದಿರುಗುತ್ತಿದ್ದದ್ದು 22, ಅಂದರೆ ‘ಕೊಟ್ಟ ವಿವರ ಸಲ್ಲದು’. ಬದಲಾವಣೆಯ ನಂತರ ಹಿಂದಿರುಗಿದ್ದು 2, ಅಂದರೆ ‘ಅಂಥ ಕಡತವಾಗಲಿ ಫೋಲ್ಡರ್ ಆಗಲಿ ಇಲ್ಲ’. ಬರೆದವರಿಗೆ ‘ಅಂಥ ಸೌಲಭ್ಯ ಇಲ್ಲ’ ಎನ್ನಲು 2 ಹೆಚ್ಚು ನಿಖರ ಅನಿಸಿರಬೇಕು. ಆದರೆ ಕಡತವನ್ನು ಆಗಲೇ ತೆರೆದಾಗಿದೆ, ತೆರೆದ ಕಡತದ ಮೇಲೆಯೇ ಕರೆ ನಡೆಯುತ್ತಿದೆ. ಅಂಥ ಹೊತ್ತಿನಲ್ಲಿ ‘ಕಡತವೇ ಇಲ್ಲ’ ಎಂಬ ಉತ್ತರಕ್ಕೆ ಅರ್ಥವಿಲ್ಲ. 22 ಬಂದರೆ ಏನು ಮಾಡಬೇಕೆಂದು ತಿಳಿದಿದ್ದ ಪ್ರೋಗ್ರಾಂಗಳಿಗೆ 2 ಬಂದಾಗ ದಾರಿ ತಪ್ಪಿತು.

ಟೋರ್ವಾಲ್ಡ್ಸ್ ಪತ್ರದಲ್ಲಿದ್ದ ಕೆಲಸದ ಮಾತು ಇಷ್ಟು: ಕರ್ನೆಲ್ ಬದಲಾದ್ದರಿಂದ ಬಳಕೆದಾರರ ಪ್ರೋಗ್ರಾಂ ಕೆಟ್ಟರೆ ಅದು ಕರ್ನೆಲ್‌ನ ದೋಷ, ಪ್ರೋಗ್ರಾಂನ ಮೇಲೆ ಹೊರಿಸುವಂತಿಲ್ಲ. ಐಆಕ್ಟಲ್‌ಗೆ 2 ಎಂಬ ಉತ್ತರ ಎಂದಿಗೂ ಸಲ್ಲದು. ತಪ್ಪಿರುವುದು ಈ ಬದಲಾವಣೆಯಲ್ಲೇ. ಇದನ್ನು ಸರಿ ಎಂದು ಬಿಟ್ಟ ಪರೀಕ್ಷಾ ಸಾಧನವೂ ತಪ್ಪು, ಅದನ್ನೂ ತಿದ್ದಬೇಕು. ನಾಲ್ಕೂ ಖಚಿತ, ನಾಲ್ಕೂ ಉಪಯುಕ್ತ. ಇವುಗಳ ಸುತ್ತ ತುಂಬಿದ್ದ ‘ಎಷ್ಟು ವರ್ಷದಿಂದ ಮೇಂಟೇನರ್ ಆಗಿದ್ದೀಯ, ಇನ್ನೂ ಮೊದಲ ಪಾಠ ಕಲಿತಿಲ್ಲವೇ’, ‘ಮೂರ್ಖತನ’, ‘ಕಸ’ ಮುಂತಾದ ಮಾತುಗಳನ್ನು ಒಂದೊಂದಾಗಿ ತೆಗೆದು ನೋಡಿ. ಈ ನಾಲ್ಕರಲ್ಲಿ ಯಾವುದಕ್ಕೂ ಕುಂದು ಬರುವುದಿಲ್ಲ. ಈ ಬರಹದ ವಾದ ನಿಂತಿರುವುದು ಇದರ ಮೇಲೆಯೇ.

ಆಗ ಹಾಗೇಕೆ ಮಾತಾಡುತ್ತಿದ್ದರು

ಒರಟು ಮಾತಿನ ಪರ ನಿಂತವರ ವಾದದಲ್ಲಿ ಹುರುಳಿರಲಿಲ್ಲ ಎನ್ನಲಾಗದು. ಕರ್ನೆಲ್‌ನ ಒಂದು ಆವೃತ್ತಿ ಸಿದ್ಧವಾಗಲು 9ರಿಂದ 10 ವಾರ ಹಿಡಿಯುತ್ತದೆ. ಮೊದಲ ಎರಡು ವಾರ ಹೊಸ ಕೋಡ್ ಒಳಗೆ ಬರುವ ಅವಧಿ. ಆಮೇಲೆ ವಾರಕ್ಕೊಂದರಂತೆ ಏಳೋ ಎಂಟೋ ಪರೀಕ್ಷಾ ಬಿಡುಗಡೆಗಳು. ಒಂದು ಸುತ್ತಿನಲ್ಲಿ 10,000ಕ್ಕೂ ಹೆಚ್ಚು ಬದಲಾವಣೆಗಳು ಸೇರುವುದು ಸಾಮಾನ್ಯ. ಡೆವಲಪರ್ ಕಳಿಸಿದ ಪ್ಯಾಚ್ (ಕೋಡ್‌ನ ಬದಲಾವಣೆ) ಆಯಾ ವಿಭಾಗದ ಮೇಂಟೇನರ್ ಕೈಗೆ ಹೋಗಿ, ಅಲ್ಲಿಂದ ಟೋರ್ವಾಲ್ಡ್ಸ್‌ಗೆ ತಲುಪುತ್ತದೆ. ಎಲ್ಲರೂ ಬೇರೆ ಬೇರೆ ದೇಶ, ಬೇರೆ ಬೇರೆ ಕಂಪನಿಯವರು. ಯಾರಿಗೂ ಯಾರೂ ಸಂಬಳ ಕೊಡುವ ಮೇಲಧಿಕಾರಿಯಲ್ಲ. ನಡುವೆ ಇರುವುದು ಬರೀ ಅಕ್ಷರದ ಇಮೇಲ್. ಮುಖ ಕಾಣದು, ದನಿ ಕೇಳದು. ಇಂಥ ಕಡೆ ಅರೆಮನಸ್ಸಿನ ಉತ್ತರ ಹೋದರೆ, ಪಡೆದವರು ಅದನ್ನು ಒಪ್ಪಿಗೆ ಎಂದೇ ತಿಳಿದು ತಿಂಗಳುಗಟ್ಟಲೆ ಬೇಡದ ಕೆಲಸ ಮಾಡಿಯಾರು. ಕಡ್ಡಿ ಮುರಿದಂತೆ ಹೇಳಿದರೆ ಅವರ ಸಮಯವೂ ಉಳಿಯುತ್ತದೆ ಎಂಬುದು ಆ ಕಾಲದವರ ನಂಬಿಕೆ. ಟೋರ್ವಾಲ್ಡ್ಸ್ ಫಿನ್‌ಲ್ಯಾಂಡಿನವರು. ಕೆಲಸದಲ್ಲಿ ಬೈದು ಮುಂದೆ ನೂಕುವ ಅಲ್ಲಿನ ಶೈಲಿಗೆ ಪಕ್ಕದ ಸ್ವೀಡನ್ನಿನವರು ಒಂದು ಫಿನ್ನಿಶ್ ಬೈಗುಳದ ಹೆಸರನ್ನೇ ಇಟ್ಟಿದ್ದಾರೆ.

2013ರ ಜುಲೈನಲ್ಲಿ ಈ ಧಾಟಿಗೆ ಬಹಿರಂಗ ತಡೆ ಬಂತು. ಕರ್ನೆಲ್‌ನ ಯುಎಸ್‌ಬಿ 3.0 ಡ್ರೈವರ್ ಬರೆದ ಸೇಜ್ ಶಾರ್ಪ್ (ಆಗ ಬೇರೆ ಹೆಸರಿನಲ್ಲಿದ್ದರು) ಅದೇ ಸಾರ್ವಜನಿಕ ಪತ್ರ ವ್ಯವಹಾರದಲ್ಲಿ ಎದ್ದು ನಿಂತು, ಬೈಗುಳ ಬೇಡ, ಯಾರನ್ನೂ ಹೀಗೆ ಹಳಿಯಬೇಡಿ ಎಂದರು. ತಪ್ಪನ್ನು ತಪ್ಪೆನ್ನಬಾರದೆಂದು ಅವರು ಕೇಳಿರಲಿಲ್ಲ. ಟೋರ್ವಾಲ್ಡ್ಸ್ ಒಪ್ಪಲಿಲ್ಲ. ತಾನು ಮನೆಯಲ್ಲಿ ಸ್ನಾನದ ನಿಲುವಂಗಿ ತೊಟ್ಟು ಕೆಲಸ ಮಾಡುವವನು, ಟೈ ಕಟ್ಟುವುದಿಲ್ಲ, ಹಾಗೆಯೇ ಸುಳ್ಳು ಸೌಜನ್ಯ, ಕಚೇರಿ ರಾಜಕೀಯ, ಬೆನ್ನ ಹಿಂದಿನ ಇರಿತ ಇವಕ್ಕೂ ಒಗ್ಗುವುದಿಲ್ಲ ಎಂಬ ಅರ್ಥದ ಉತ್ತರ ಕೊಟ್ಟರು. ಇಲ್ಲೊಂದು ಜಾರು ನಡೆದಿರುವುದನ್ನು ಗಮನಿಸಬೇಕು. ಶಾರ್ಪ್ ಕೇಳಿದ್ದು ಬೈಗುಳ ನಿಲ್ಲಿಸಿ ಎಂದು. ಉತ್ತರ ಬಂದದ್ದು ನಾಟಕ ಮಾಡಲಾರೆ ಎಂದು. ಬೈಗುಳ ಬಿಟ್ಟರೆ ಉಳಿಯುವುದು ನಾಟಕ ಮಾತ್ರ ಎಂದು ಇಟ್ಟುಕೊಂಡರೆ ಮಾತ್ರ ಈ ಉತ್ತರ ಹೊಂದುತ್ತದೆ. ನೇರವಾಗಿಯೂ ಮರ್ಯಾದೆಯಾಗಿಯೂ ಹೇಳುವ ದಾರಿಯೊಂದು ನಡುವೆ ಇದೆ ಎಂಬುದು ಚರ್ಚೆಯಿಂದಲೇ ಜಾರಿಹೋಯಿತು. ನಮ್ಮ ಕಚೇರಿಗಳಲ್ಲಿ ‘ನಾನು ಇರೋದೇ ಹೀಗೆ, ಮುಖಕ್ಕೆ ಹೊಡೆದ ಹಾಗೆ ಹೇಳ್ತೀನಿ’ ಎನ್ನುವವರು ಮಾಡುವುದೂ ಇದನ್ನೇ.

2015ರ ಮಾರ್ಚ್‌ನಲ್ಲಿ ಕರ್ನೆಲ್ ದಾಖಲೆಗಳ ಜತೆ ‘ಸಂಘರ್ಷ ಸಂಹಿತೆ’ ಎಂಬ ಪುಟ್ಟ ಕಡತ ಸೇರಿತು. ನಿಮ್ಮ ಕೋಡ್‌ಗೆ ಕಟು ವಿಮರ್ಶೆ ಬರುತ್ತದೆ, ಸಿದ್ಧರಾಗಿರಿ, ವೈಯಕ್ತಿಕವಾಗಿ ನಿಂದನೆ ಆಯಿತೆನಿಸಿದರೆ ಲಿನಕ್ಸ್ ಫೌಂಡೇಶನ್ನಿನ ತಾಂತ್ರಿಕ ಸಲಹಾ ಮಂಡಳಿಗೆ ತಿಳಿಸಿ ಎಂಬಷ್ಟೇ ಅದರಲ್ಲಿತ್ತು. ಯಾವುದು ನಿಂದನೆ, ತಿಳಿಸಿದರೆ ಮುಂದೇನು ಎಂಬುದು ಸ್ಪಷ್ಟವಾಗಿ ಇರಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ, ತಾನು ಕರ್ನೆಲ್ ಕೆಲಸ ಬಿಟ್ಟಿರುವುದನ್ನು ಶಾರ್ಪ್ ಬಹಿರಂಗಪಡಿಸಿದರು. ತನ್ನ ತಾಂತ್ರಿಕ ಕೆಲಸಕ್ಕೆ ಇಲ್ಲಿ ಗೌರವವಿತ್ತು, ಮನುಷ್ಯನಾಗಿ ಗೌರವ ಕೇಳಿ ಪಡೆಯಲು ಮಾತ್ರ ಆಗಲಿಲ್ಲ ಎಂಬುದು ಅವರ ಅಳಲಾಗಿತ್ತು.

ಬೈಗುಳದಿಂದ ಆಗುವ ನಷ್ಟವನ್ನು ಮನಸ್ಸು ನೊಂದವರ ಲೆಕ್ಕದಲ್ಲಷ್ಟೇ ಅಳೆಯುತ್ತಾರೆ. ಅದು ಸಣ್ಣ ಪಾಲು. ಬೈಸಿಕೊಂಡವರ ತಲೆ ಮೊದಲು ಓಡುವುದು ಮಾನ ಉಳಿಸಿಕೊಳ್ಳುವ ಕಡೆಗೆ, ದೋಷ ಹುಡುಕುವ ಕಡೆಗಲ್ಲ. ಈ ಪತ್ರಗಳು ಸಾರ್ವಜನಿಕ ಕಡತದಲ್ಲಿ ಶಾಶ್ವತವಾಗಿ ಉಳಿಯುವುದರಿಂದ, ಮೊದಲ ಪ್ಯಾಚ್ ಕಳಿಸಬೇಕೆಂದುಕೊಂಡವರು ಇವನ್ನು ಓದಿ ಸದ್ದಿಲ್ಲದೆ ವಾಪಸಾಗುತ್ತಾರೆ. ಬರದೇ ಹೋದವರ ಲೆಕ್ಕ ಎಲ್ಲೂ ಸಿಗದು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಮೇಲಿರುವವರ ಧಾಟಿಯನ್ನು ಕೆಳಗಿನ ಮೇಂಟೇನರ್‌ಗಳು ನಕಲು ಮಾಡುತ್ತಾರೆ. ಟೋರ್ವಾಲ್ಡ್ಸ್‌ಗಿದ್ದ ತಾಂತ್ರಿಕ ಹಿಡಿತ ಅವರೆಲ್ಲರಿಗೂ ಇರುವುದಿಲ್ಲ. ನಾಲ್ಕು ಖಚಿತ ಮಾತು ಇಲ್ಲದ ಬರೀ ಬೈಗುಳವೇ ಕೆಳಗಿಳಿಯುತ್ತದೆ.

2018ರ ಸೆಪ್ಟೆಂಬರ್ 16

ಆ ದಿನ 4.19ರ ನಾಲ್ಕನೆಯ ಪರೀಕ್ಷಾ ಬಿಡುಗಡೆಯ ಪ್ರಕಟಣೆಯೊಳಗೆ ಟೋರ್ವಾಲ್ಡ್ಸ್ ಕ್ಷಮೆ ಕೇಳಿದರು. ಇಮೇಲ್‌ಗಳಲ್ಲಿ ಹಗುರವಾಗಿ ಮೇಲೆ ಬೀಳುತ್ತಿದ್ದದ್ದು ವೃತ್ತಿಗೆ ತಕ್ಕದ್ದಲ್ಲ, ಬೇಕಾಗಿಯೂ ಇರಲಿಲ್ಲ ಎಂದು ಒಪ್ಪಿಕೊಂಡು, ಇತರರ ಭಾವನೆ ಅರಿಯಲು ನೆರವು ಪಡೆಯಲು ಕೆಲಕಾಲ ಬಿಡುವು ತೆಗೆದುಕೊಳ್ಳುವುದಾಗಿ ಹೇಳಿದರು. ಬೈಗುಳವಿದ್ದ ಇಮೇಲ್ ಹೊರಗೇ ಹೋಗದಂತೆ ಒಂದು ಫಿಲ್ಟರ್ ಹಾಕಿಕೊಳ್ಳುವ ಮಾತೂ ಅದರಲ್ಲಿತ್ತು. ಅದಕ್ಕೆ ಹಿಂದಿನ ಕೆಲವು ವಾರಗಳಲ್ಲಿ ನಡೆದದ್ದು ಇಷ್ಟು: ಆ ವರ್ಷದ ಮೇಂಟೇನರ್‌ಗಳ ಸಭೆ ವ್ಯಾಂಕೂವರ್‌ನಲ್ಲಿ ನಿಗದಿಯಾಗಿತ್ತು. ಅದೇ ದಿನಗಳಿಗೆ ಟೋರ್ವಾಲ್ಡ್ಸ್ ತಪ್ಪಾಗಿ ಕುಟುಂಬದ ಸ್ಕಾಟ್ಲೆಂಡ್ ಪ್ರವಾಸ ಗೊತ್ತುಮಾಡಿಕೊಂಡಿದ್ದರು. ಅವರಿಗಾಗಿ ಸಭೆಯೇ ಎಡಿನ್‌ಬರೋಗೆ ಸ್ಥಳಾಂತರವಾಯಿತು. ಆ ಗೊಂದಲದ ನಡುವೆ ನಡೆದ ಮಾತುಕತೆ ಅವರ ನಡತೆಯ ಪ್ರಶ್ನೆಯನ್ನು ಮೇಲೆತ್ತಿತು. 4.19ರ ಉಸ್ತುವಾರಿ ಹಿರಿಯ ಮೇಂಟೇನರ್ ಗ್ರೆಗ್ ಕ್ರೋಆ-ಹಾರ್ಟ್‌ಮನ್ ಕೈಗೆ ಹೋಯಿತು. ಅದು ಅಕ್ಟೋಬರ್ 22ರಂದು ಬಿಡುಗಡೆಯಾಯಿತು, ಟೋರ್ವಾಲ್ಡ್ಸ್ ಮುಂದಿನ ಸುತ್ತಿಗೆ ವಾಪಸಾದರು.

ಕ್ಷಮಾಪಣೆಯ ಜತೆಗೇ ಹಳೆಯ ‘ಸಂಘರ್ಷ ಸಂಹಿತೆ’ ಹೋಗಿ, ‘ಕಾಂಟ್ರಿಬ್ಯೂಟರ್ ಕವೆನೆಂಟ್’ 1.4 ಆಧರಿಸಿದ ನಡತೆ ಸಂಹಿತೆ ಒಳಗೆ ಬಂತು. ಬೇರೆ ನೂರಾರು ಯೋಜನೆಗಳು ಬಳಸುತ್ತಿದ್ದ ಸಿದ್ಧ ಪಠ್ಯ ಅದು. ಒಂದೇ ದಿನದಲ್ಲಿ ತಂದು ಕೂರಿಸಿದ್ದರ ತೊಡಕುಗಳು ತಕ್ಷಣ ಕಂಡವು. ಸಂಹಿತೆ ತರಲು ಹೊರಟಿರುವ ಯಾವ ತಂಡವಾದರೂ ಇವನ್ನು ಗಮನಿಸಲೇಬೇಕು.

ಇತರರ ಇಮೇಲ್ ವಿಳಾಸವನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸುವುದು ತಪ್ಪು ಎಂದು ಸಿದ್ಧ ಪಠ್ಯದಲ್ಲಿತ್ತು. ಒಳ್ಳೆಯ ನಿಯಮವೇ. ಆದರೆ ಕರ್ನೆಲ್‌ನ ಪ್ರತಿ ಬದಲಾವಣೆಯಲ್ಲೂ ಬರೆದವರ, ಪರಿಶೀಲಿಸಿದವರ ಹೆಸರಿನ ಜತೆ ಇಮೇಲ್ ಇರಲೇಬೇಕು, ಅದು ಶಾಶ್ವತವಾಗಿ ಸಾರ್ವಜನಿಕ. ಅಕ್ಷರಶಃ ಓದಿದರೆ ಪ್ರತಿ ಮೇಂಟೇನರ್ ದಿನವೂ ಸಂಹಿತೆ ಮುರಿಯುತ್ತಿದ್ದರು. ಯೋಜನೆಯೇ ವಾಡಿಕೆಯಾಗಿ ಸಂಗ್ರಹಿಸದ ವಿಳಾಸಗಳಿಗೆ ಮಾತ್ರ ಈ ನಿಯಮ ಎಂದು ಸೇರಿಸಿ ತಿದ್ದಬೇಕಾಯಿತು. ಇನ್ನೊಂದು ಸಾಲು, ಸಂಹಿತೆಯನ್ನು ಜಾರಿ ಮಾಡದ ಮೇಂಟೇನರ್‌ಗಳ ಮೇಲೂ ಕ್ರಮ ಆಗಬಹುದು ಎನ್ನುತ್ತಿತ್ತು. ಕೋಡ್ ನೋಡಲು ಬಂದವರ ತಲೆಗೆ ನ್ಯಾಯಾಧೀಶರ ಪೇಟ ಕಟ್ಟಿದಂತಾಯಿತು. 4.19 ಬಿಡುಗಡೆಗೆ ಮುನ್ನ ಅದನ್ನೂ ತೆಗೆದರು. ಜತೆಗೆ, ಸಂಹಿತೆಯನ್ನು ಕರ್ನೆಲ್ ಕೆಲಸಕ್ಕೆ ಹೇಗೆ ಅನ್ವಯಿಸಿ ಓದಬೇಕು ಎಂಬ ಪ್ರತ್ಯೇಕ ವಿವರಣೆ ಕಡತ ಬಂತು. ದೂರು ಕೇಳಲು ಸಮಿತಿ ಆಯಿತು, ಮಧ್ಯಸ್ಥಿಕೆಗೆ ಭಾರತ ಮೂಲದ ವಕೀಲೆ ಮಿಶಿ ಚೌಧರಿ ಅವರ ಹೆಸರು ಸೇರಿತು.

ನವೆಂಬರ್ ಕೊನೆಯಲ್ಲಿ ಒಬ್ಬ ಡೆವಲಪರ್ 15 ಪ್ಯಾಚ್‌ಗಳ ಸರಣಿ ಕಳಿಸಿದರು. ಕರ್ನೆಲ್ ಕೋಡ್‌ನ ಟಿಪ್ಪಣಿಗಳಲ್ಲಿ ಇದ್ದ ಒಂದು ಅಶ್ಲೀಲ ಪದವನ್ನೆಲ್ಲ ‘ಅಪ್ಪುಗೆ’ ಎಂಬರ್ಥದ ಇಂಗ್ಲಿಷ್ ಪದಕ್ಕೆ ಬದಲಿಸುವ ಪ್ಯಾಚ್‌ಗಳು. ಹಾರ್ಡ್‌ವೇರ್‌ನ ವಕ್ರತನಕ್ಕೆ ಬೇಸತ್ತು ಯಾರೋ ಬರೆದ ಟಿಪ್ಪಣಿಯಲ್ಲಿ ಅಪ್ಪುಗೆ ಬಂದು ಕೂತರೆ ಓದುಗರಿಗೆ ಅರ್ಥವೂ ಆಗದು, ಎಚ್ಚರಿಕೆಯೂ ಸಿಗದು. ಹಳೆಯ ಟಿಪ್ಪಣಿಗಳಿಗೆ ಸಂಹಿತೆ ಅನ್ವಯಿಸುವುದಿಲ್ಲ ಎಂಬ ಉತ್ತರ ಬಂತು. ಪದ ಹೆಕ್ಕಿ ಪದ ಹಾಕುವುದು ಸೌಜನ್ಯವಲ್ಲ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಆ ಟಿಪ್ಪಣಿ ಯಾರನ್ನೂ ಬೈದಿರಲಿಲ್ಲ. 2012ರ ಪತ್ರದಿಂದ ಅಶ್ಲೀಲ ಪದ ಒಂದನ್ನೇ ತೆಗೆದಿದ್ದರೂ ಮೌರೊಗೆ ಆದ ಅವಮಾನ ಹಾಗೇ ಉಳಿಯುತ್ತಿತ್ತು.

ಇಂದಿನ ನಯ ಎಲ್ಲಿ ಕೆಡುತ್ತದೆ

ನಯದ ಕಾಯಿಲೆಯೂ ಕಾಯಿಲೆಯೇ. ಬೈಗುಳ ಕಣ್ಣಿಗೆ ಕಾಣುತ್ತದೆ, ದಾಖಲೆಯಾಗುತ್ತದೆ, ಯಾರಾದರೂ ತಡೆಯಬಹುದು. ನಯದ ಹೆಸರಿನ ಮೌನವನ್ನು ಹಿಡಿದು ತೋರಿಸುವಂತಿಲ್ಲ. ಪ್ಯಾಚ್ ಕಳಿಸಿ ಒಂದು ವಾರ ಕಾದು, ಮತ್ತೆ ಕೇಳಿ, ಮತ್ತೆ ವಾರ ಕಾದು, ಉತ್ತರವೇ ಬಾರದೆ ಬಿಟ್ಟವರು ಬಹಳ ಜನ. ಮೇಂಟೇನರ್‌ಗೆ ಆ ಪ್ಯಾಚ್ ಇಷ್ಟವಾಗಿರುವುದಿಲ್ಲ. ‘ಬೇಡ’ ಎಂದರೆ ಒರಟಾದೀತು ಎಂಬ ಅಂಜಿಕೆಯಲ್ಲಿ, ಇಲ್ಲವೇ ಕಾರಣ ಬರೆಯುವ ಪುರುಸೊತ್ತಿಲ್ಲದೆ, ಸುಮ್ಮನಾಗಿರುತ್ತಾರೆ. ಎದುರಿನವರ ಮೂರು ತಿಂಗಳು ಹೋಗುತ್ತದೆ. ಬೈದಿದ್ದರೆ ಒಂದು ದಿನ ನೊಂದುಕೊಂಡು ಬೇರೆ ದಾರಿ ಹಿಡಿಯುತ್ತಿದ್ದರು.

ಬೆಂಗಳೂರಿನಲ್ಲಿ ಇಂಟೆಲ್, ಕ್ವಾಲ್‌ಕಾಮ್, ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್, ಐಬಿಎಂನಂಥ ಕಂಪನಿಗಳ ಎಂಜಿನಿಯರುಗಳು ಈ ಕೆಲಸವನ್ನು ದಿನವೂ ಮಾಡುತ್ತಾರೆ. ಇಲ್ಲಿನವರಿಗೆ ಕಷ್ಟ ಎರಡು ಕಡೆಯಿಂದ. ನಮ್ಮಲ್ಲಿ ‘ನೋಡೋಣ’ ಎಂದರೆ ಬಹುಪಾಲು ‘ಆಗಲ್ಲ’ ಎಂದೇ ಅರ್ಥ, ಹೇಳಿದವರಿಗೂ ಕೇಳಿದವರಿಗೂ ಅದು ಗೊತ್ತು. ‘ಸಾರ್, ಒಂದ್ಸಲ ಇದನ್ನ ನೋಡ್ತೀರಾ’ ಎಂದು ಕಿರಿಯರು ಕೇಳಿದರೆ ‘ಇದರಲ್ಲಿ ತಪ್ಪಿದೆ’ ಎಂದು ಹಿರಿಯರಿಗೆ ತಿಳಿಯುತ್ತದೆ. ಇದೇ ಮಾತನ್ನು ಇಂಗ್ಲಿಷಿಗೆ ತಂದು ಜರ್ಮನಿಯವರಿಗೋ ಫಿನ್‌ಲ್ಯಾಂಡಿನವರಿಗೋ ಕಳಿಸಿದರೆ, ಅವರು ಅಕ್ಷರದಲ್ಲಿ ಇದ್ದಷ್ಟನ್ನೇ ಓದುತ್ತಾರೆ: ಒಮ್ಮೆ ನೋಡಿ ಎಂದಿದ್ದಾರೆ, ನೋಡಿದೆ, ಸರಿಯಿದೆ. ತಪ್ಪು ಹಾಗೆಯೇ ಒಳಗೆ ಹೋಗುತ್ತದೆ. ತಿರುಗಿ ಅವರಿಂದ ಬರುವ ಒಂದೇ ಸಾಲಿನ ‘ನ್ಯಾಕ್’ (ಒಪ್ಪಿಗೆಯಿಲ್ಲ ಎಂಬ ಕರ್ನೆಲ್ ಬಳಗದ ಪದ) ನಮಗೆ ಕಪಾಳಮೋಕ್ಷದಂತೆ ಕಾಣುತ್ತದೆ. ಅದರಲ್ಲಿ ಸಿಟ್ಟಿರುವುದಿಲ್ಲ. ‘ಡಿಯರ್ ಸರ್’ ಎಂದು ಶುರುಮಾಡಿದ ಪತ್ರಕ್ಕೆ ಬರೀ ಹೆಸರು ಹಿಡಿದು ಉತ್ತರ ಬಂದರೆ ಅದೂ ಅಗೌರವವಲ್ಲ, ಅಲ್ಲಿನ ವಾಡಿಕೆ.

ಕನ್ನಡಕ್ಕೆ ಇಲ್ಲೊಂದು ಸೊಗಸಾದ ಅನುಕೂಲವಿದೆ. ನಮ್ಮ ಮರ್ಯಾದೆ ಕ್ರಿಯಾಪದದ ತುದಿಯಲ್ಲಿ ಕೂತಿದೆ. ‘ಇದು ತಪ್ಪು, ತೆಗೆಯಿರಿ’ ಎಂಬುದರಲ್ಲಿ ‘ಇರಿ’ ಗೌರವವನ್ನು ಪೂರ್ತಿ ಹೊತ್ತುಕೊಂಡಿದೆ. ‘ತಪ್ಪು’ ಎಂಬ ಮಾತು ಕೊಂಚವೂ ಸಡಿಲವಾಗಬೇಕಿಲ್ಲ. ಇಂಗ್ಲಿಷಿಗೆ ಈ ತುದಿ ಇಲ್ಲದ್ದರಿಂದ ಅಲ್ಲಿ ಗೌರವ ಸೂಚಿಸಲು ‘ಬಹುಶಃ’, ‘ಸ್ವಲ್ಪ’, ‘ನನಗನಿಸುತ್ತದೆ’ ಎಂದು ಮಾತನ್ನೇ ತೆಳುಮಾಡಬೇಕಾಗುತ್ತದೆ. ನಾವೂ ಅದನ್ನೇ ಅನುಕರಿಸಿ, ತುದಿಯಲ್ಲಿ ಮರ್ಯಾದೆ ಇದ್ದ ಮೇಲೂ ಒಳಗಿನ ಮಾತನ್ನು ನೀರು ಮಾಡುತ್ತಿದ್ದೇವೆ. ಇದು ಅನಗತ್ಯ.

2012ರ ಪತ್ರವನ್ನೇ ತೆಗೆದುಕೊಂಡು ಎರಡು ಬಗೆಯಲ್ಲಿ ಕನ್ನಡದಲ್ಲಿ ಬರೆದು ನೋಡಬಹುದು. ಇಂದಿನ ಕಚೇರಿಗಳಲ್ಲಿ ಕಾಣುವ ನಯ ಹೀಗಿರುತ್ತದೆ:

‘ಮೌರೊ ಅವರೇ, ಬದಲಾವಣೆಯ ಹಿಂದಿನ ಆಲೋಚನೆ ಚೆನ್ನಾಗಿದೆ. ಕೆಲವು ಪ್ರೋಗ್ರಾಂಗಳ ಮೇಲೆ ಪರಿಣಾಮ ಆಗುತ್ತಿರಬಹುದೇನೋ ಅನಿಸುತ್ತದೆ. ಬಿಡುವಾದಾಗ ದೋಷಸಂಖ್ಯೆಯ ಕಡೆ ಒಮ್ಮೆ ಕಣ್ಣು ಹಾಯಿಸಲು ಸಾಧ್ಯವೇ?’

ಓದಿದ ಮೌರೊಗೆ ಏನು ತಿಳಿಯಿತು? ಆಲೋಚನೆ ಚೆನ್ನಾಗಿದೆಯಂತೆ, ಅವಸರವಿಲ್ಲವಂತೆ. ಎರಡೂ ಸುಳ್ಳು. ಇನ್ನೊಂದು ಬಗೆ:

‘ಮೌರೊ ಅವರೇ, ಇದು ಕರ್ನೆಲ್‌ನ ದೋಷ. ಮುಂಚೆ ನಡೆಯುತ್ತಿದ್ದ ಪ್ರೋಗ್ರಾಂ ಈ ಬದಲಾವಣೆಯ ನಂತರ ಕೆಟ್ಟಿದೆ. ಪ್ರೋಗ್ರಾಂ ಅಂಕುಡೊಂಕಾಗಿದ್ದರೂ ಹೊಣೆ ನಮ್ಮದೇ. ತೆರೆದ ಕಡತದ ಮೇಲಿನ ಕರೆಗೆ ‘ಕಡತವಿಲ್ಲ’ ಎಂಬ 2 ಸಲ್ಲದು, 22ನ್ನೇ ಉಳಿಸಿ. ಬದಲಾವಣೆಯನ್ನು ಮುಂದಿನ ಪರೀಕ್ಷಾ ಬಿಡುಗಡೆಯೊಳಗೆ ಹಿಂತೆಗೆಯಿರಿ. ಇದನ್ನು ಸರಿ ಎಂದು ಬಿಟ್ಟ ಪರೀಕ್ಷಾ ಸಾಧನವನ್ನೂ ತಿದ್ದಿರಿ. ಬಳಕೆದಾರರ ಪ್ರೋಗ್ರಾಂ ಮೇಲೆ ತಪ್ಪು ಹೊರಿಸುವ ಉತ್ತರ ಮೇಂಟೇನರ್ ಕಡೆಯಿಂದ ಬರುವುದನ್ನು ನಾನು ಒಪ್ಪುವುದಿಲ್ಲ.’

ಕೊನೆಯ ಸಾಲು ಗದರಿಕೆಯೇ. ಇರಬೇಕಾದದ್ದೇ. ಆದರೆ ಅದು ಗದರುವುದು ಮಾಡಿದ ಒಂದು ಕೆಲಸವನ್ನು, ಮಾಡಿದವರ ಬುದ್ಧಿಯನ್ನಲ್ಲ.

ಈ ಬಗೆಯ ಪತ್ರದ ಕಟ್ಟು ಹೀಗಿರುತ್ತದೆ. ತೀರ್ಪು ಮೊದಲ ಸಾಲಿನಲ್ಲೇ ಬರಬೇಕು: ಒಪ್ಪಿದೆ, ಒಪ್ಪುವುದಿಲ್ಲ, ಅಥವಾ ಇಂಥದ್ದನ್ನು ತಿದ್ದಿದರೆ ಒಪ್ಪುತ್ತೇನೆ. ಹೊಗಳಿಕೆಯನ್ನು ಮುಂದಿಟ್ಟು ತೀರ್ಪನ್ನು ಮೂರನೆಯ ಪ್ಯಾರಾದಲ್ಲಿ ಅಡಗಿಸಿದರೆ ಓದುವವರು ಹೊಗಳಿಕೆಯಲ್ಲೇ ನಿಂತುಬಿಡುತ್ತಾರೆ. ಆಮೇಲೆ ಕಾರಣ, ಪರೀಕ್ಷಿಸಿ ನೋಡಬಹುದಾದ ರೂಪದಲ್ಲಿ. ಕರ್ನೆಲ್‌ನಲ್ಲಾದರೆ ದೋಷ ತಂದ ಬದಲಾವಣೆಯ ಗುರುತುಸಂಖ್ಯೆಯ ಮೊದಲ 12 ಅಕ್ಷರಗಳನ್ನಾದರೂ ಅದರ ಶೀರ್ಷಿಕೆಯ ಜತೆ ಕೊಡುವ ರೂಢಿ ಇದೆ. ಇದರಿಂದ ವಾದ ವ್ಯಕ್ತಿಯಿಂದ ಕಳಚಿ ವಸ್ತುವಿಗೆ ಅಂಟುತ್ತದೆ. ಅನಂತರ ಏನು ಮಾಡಬೇಕು, ಯಾವಾಗಿನೊಳಗೆ. ಉತ್ತರವನ್ನು ಇಡೀ ಪತ್ರದ ಮೇಲೆ ಒಟ್ಟಾಗಿ ಬರೆಯದೆ, ಕೋಡ್‌ನ ಆಯಾ ಸಾಲಿನ ಕೆಳಗೇ ಬರೆಯಬೇಕು. ‘ನೀವು’ ಎಂಬ ಪದ ಬಂದಲ್ಲೆಲ್ಲ ನಿಂತು, ಅಲ್ಲಿ ‘ಈ ಕೋಡ್’, ‘ಈ ಸಾಲು’ ಎಂದು ಹಾಕಿದರೂ ಮಾತು ನಿಲ್ಲುತ್ತದೆಯೇ ಎಂದು ನೋಡಬೇಕು. ನಿಂತರೆ ಬದಲಿಸಬೇಕು. ನಿಲ್ಲದಿದ್ದರೆ ಅದು ನಿಜಕ್ಕೂ ನಡತೆಯ ಮಾತು: ತಡವಾಗಿ ಕಳಿಸಿದ್ದು, ಪರೀಕ್ಷಿಸದೆ ಕಳಿಸಿದ್ದು. ಅದನ್ನು ಒಂದೇ ಸಲ, ಒಂದೇ ಸಾಲಿನಲ್ಲಿ ಹೇಳಬೇಕು. ಉತ್ತರ ಕೊಡಲು ಪುರುಸೊತ್ತಿಲ್ಲದಿದ್ದರೆ ‘ಈ ಸುತ್ತಿನಲ್ಲಿ ನೋಡಲಾಗದು’ ಎಂದಾದರೂ ಬರೆಯಬೇಕು. ಮೂರು ಪದ ಸಾಕು.

ಸಂಹಿತೆ ಬಂದ ಮೇಲೆ ಎರಡು ಘಟನೆ

2024ರ ನವೆಂಬರ್‌ನಲ್ಲಿ ಬಿಕ್ಯಾಶ್‌ಎಫ್‌ಎಸ್ ಕಡತ ವ್ಯವಸ್ಥೆಯ ಕರ್ತೃ ಕೆಂಟ್ ಓವರ್‌ಸ್ಟ್ರೀಟ್ ಮೇಲೆ ನಡತೆ ಸಂಹಿತೆಯ ಸಮಿತಿ ಕ್ರಮ ಕೈಗೊಂಡಿತು. ಮೆಮೊರಿ ಹಂಚಿಕೆಯ ಕುರಿತ ತಾಂತ್ರಿಕ ಚರ್ಚೆಯಲ್ಲಿ ಅವರು ಇನ್ನೊಬ್ಬ ಡೆವಲಪರ್‌ಗೆ ತಲೆ ತೋರಿಸಿಕೊಂಡು ಬಾ ಎಂಬರ್ಥದ ಮಾತು, ಜತೆಗೆ ಅಶ್ಲೀಲ ಪದ ಬಳಸಿದ್ದರು. ಬಹಿರಂಗವಾಗಿ ಕ್ಷಮೆ ಕೇಳಿ ಎಂದಾಗ ಒಪ್ಪಲಿಲ್ಲ. 6.13ರ ಸುತ್ತಿನಲ್ಲಿ ಅವರ ಕೋಡ್ ಸ್ವೀಕರಿಸುವುದನ್ನು ನಿಲ್ಲಿಸಲಾಯಿತು. 2012ರಲ್ಲಿ ಇಂಥ ಮಾತಿಗೆ ಯಾವ ಬೆಲೆಯೂ ತೆರಬೇಕಿರಲಿಲ್ಲ. ಆದರೆ ದಂಡದ ಭಾರವನ್ನು ಅವರೊಬ್ಬರೇ ಹೊರಲಿಲ್ಲ. ಆ ಕಡತ ವ್ಯವಸ್ಥೆಯನ್ನು ನಂಬಿ ತಮ್ಮ ದತ್ತಾಂಶ ಇಟ್ಟವರಿಗೂ ಆ ಸುತ್ತಿನ ತಿದ್ದುಪಡಿಗಳು ಹೊತ್ತಿಗೆ ಸರಿಯಾಗಿ ಸಿಗಲಿಲ್ಲ. ಮಾತಿನ ತಪ್ಪಿಗೆ ಕೋಡ್ ತಡೆಯುವ ಶಿಕ್ಷೆಯ ದೊಡ್ಡ ತೊಡಕು ಇದು. ಆ ವಿಭಾಗಕ್ಕೆ ಕೋಡ್ ಸಾಗಿಸಬಲ್ಲ ಎರಡನೆಯ ಮೇಂಟೇನರ್ ಒಬ್ಬರು ಮೊದಲೇ ಇದ್ದಿದ್ದರೆ ಶಿಕ್ಷೆ ಮಾತಾಡಿದವರಿಗಷ್ಟೇ ತಟ್ಟುತ್ತಿತ್ತು.

ಇನ್ನೊಂದು 2025ರ ಆಗಸ್ಟ್‌ನದು. 6.17ಕ್ಕೆ ರಿಸ್ಕ್-ಫೈವ್ ಎಂಬ ಪ್ರೊಸೆಸರ್ ವಿನ್ಯಾಸದ ವಿಭಾಗದ ಕೋಡ್, ಹೊಸತನ್ನು ಒಳಗೆ ಬಿಡುವ ಅವಧಿ ಮುಗಿಯುವ ಹೊತ್ತಿಗೆ ಬಂತು. ಪ್ರವಾಸವಿದೆ, ಬೇಗ ಕಳಿಸಿ ಎಂದು ಟೋರ್ವಾಲ್ಡ್ಸ್ ಮೊದಲೇ ಕೇಳಿಕೊಂಡಿದ್ದರು. ಅವರು ಅದನ್ನು ತಿರಸ್ಕರಿಸಿ, ಕಸ ಎಂದೇ ಕರೆದರು. ಕಾರಣವನ್ನೂ ತೋರಿಸಿದರು. ಎರಡು 16 ಬಿಟ್ ಸಂಖ್ಯೆಗಳನ್ನು ಜೋಡಿಸಿ ಒಂದು 32 ಬಿಟ್ ಸಂಖ್ಯೆ ಮಾಡುವ, ಹೆಸರಿಟ್ಟ ಪುಟ್ಟ ಸಹಾಯಕ ಕೋಡ್ ತುಣುಕೊಂದನ್ನು ಎಲ್ಲರೂ ಬಳಸುವ ಹೆಡರ್ ಕಡತಕ್ಕೆ ಸೇರಿಸಲಾಗಿತ್ತು. ‘ಎ’ಯನ್ನು 16 ಬಿಟ್ ಎಡಕ್ಕೆ ಸರಿಸಿ ‘ಬಿ’ ಕೂಡಿಸು ಎಂದು ನೇರವಾಗಿ ಬರೆದರೆ ಯಾವುದು ಮೇಲಿನ ಅರ್ಧ, ಯಾವುದು ಕೆಳಗಿನ ಅರ್ಧ ಎಂಬುದು ಕಣ್ಣಿಗೇ ಕಾಣುತ್ತದೆ. ತುಣುಕಿನ ಹೆಸರಿನಲ್ಲಿ ಆ ಕ್ರಮ ಕಾಣುವುದಿಲ್ಲ, ಬಳಸುವವರು ತಿರುಗಾ ಮುರುಗಾ ಕೊಟ್ಟರೂ ಗೊತ್ತಾಗದು. ಸುಲಭ ಮಾಡಲು ಬಂದದ್ದು ಓದುವುದನ್ನು ಕಷ್ಟ ಮಾಡಿತು. ಇನ್ನು ಮುಂದೆ ತಡವಾಗಿ ಬಂದದ್ದನ್ನು ತೆಗೆದುಕೊಳ್ಳುವುದಿಲ್ಲ, 6.18ಕ್ಕೆ ಇದಿಲ್ಲದೆ ಬೇಗ ಕಳಿಸಿ ಎಂದು ಪತ್ರ ಮುಗಿಯಿತು. ವಿಭಾಗದ ಮೇಂಟೇನರ್ ತಮ್ಮ ಕೈಲಿ ಕೆಲಸ ಜಾರುತ್ತಿರುವುದನ್ನು ಒಪ್ಪಿಕೊಂಡು ಸರಿಮಾಡುತ್ತೇನೆಂದರು.

2012ರದನ್ನೂ ಇದನ್ನೂ ಪಕ್ಕದಲ್ಲಿಟ್ಟರೆ ಸಿಟ್ಟು ಎರಡರಲ್ಲೂ ಇದೆ. ಎರಡನೆಯದರಲ್ಲಿ ಬಾಯಿ ಮುಚ್ಚು ಎಂದಿಲ್ಲ, ಎಷ್ಟು ವರ್ಷದಿಂದ ಇದ್ದೀಯ ಎಂದಿಲ್ಲ. ವ್ಯಕ್ತಿಗೆ ತಗುಲುವ ಮಾತೆಂದರೆ ತಡವಾದದ್ದರ ಬಗ್ಗೆ, ಅದು ನಡೆದ ಸಂಗತಿ. ‘ಕಸ’ ಎಂಬ ಪದ ಮಾತ್ರ ಅಲ್ಲಿ ಬೇಕಿರಲಿಲ್ಲ. ಮೇಲಿನ ಅರ್ಧ ಯಾವುದು, ಕೆಳಗಿನ ಅರ್ಧ ಯಾವುದು ಎಂಬುದು ಕಾಣದು ಎಂದ ಆ ಒಂದು ಸಾಲೇ ಆ ತುಣುಕನ್ನು ಹೊರಗಿಡಲು ಸಾಕಾಗಿತ್ತು.